‘ಬಸವ’ ಎಂಬ ವ್ಯಕ್ತಿನಾಮ: ಅದರ ಮೂಲ, ಅರ್ಥ ಮತ್ತು ಪ್ರಸಾರ

ಶಾಸನವೊಂದರಲ್ಲಿ ಪರಿಚಿತವಾದ ಹೆಸರು ಕಣ್ಣಿಗೆ ಬಿದ್ದೊಡನೆ ಅದನ್ನು ನಾವು ಬಲ್ಲ ಮಹಾಪುರುಷನಿಗೆ ತಗುಲಿಸಿಬಿಡುವ ಅಭ್ಯಾಸ ಇತಿಹಾಸದ ವಿದ್ಯಾರ್ಥಿಗಳಲ್ಲಿ ಮಾತ್ರವಲ್ಲ, ವಿದ್ವಾಂಸರಲ್ಲಿಯೂ ಉಂಟು. ಹೆಸರು ಒಂದೇ ಆದರೆ ವ್ಯಕ್ತಿಯೂ ಒಬ್ಬನೇ ಎಂದು ಭಾವಿಸುವುದರಿಂದ ಎಂತಹ ತೊಡಕುಗಳುಂಟಾಗುವುವು ಎಂಬುದಕ್ಕೆ ಕನ್ನಡನಾಡಿನ ಚರಿತ್ರೆಯಲ್ಲಿ ‘ಬಸವ’ ಎಂಬ ಹೆಸರಿಗಿಂತ ಉತ್ತಮವಾದ ನಿದರ್ಶನ ದೊರೆಯುವುದು ಕಷ್ಟ. ಆದುದರಿಂದ ಆ ಹೆಸರನ್ನು ಧರಿಸಿದ ಮಹಾನುಭಾವರ ಚರಿತ್ರೆಯನ್ನು ಬಿಟ್ಟು, ಆ ಹೆಸರಿನದೇ ಚರಿತ್ರೆಯನ್ನು ಇಲ್ಲಿ ಸ್ವಲ್ಪ ವಿಚಾರಿಸಬೇಕೆಂದಿದ್ದೇವೆ. ಅದು ಎಲ್ಲಿಂದ ಬಂದಿತು, ಮೊದಲು ಅದರ ಅರ್ಥವೇನು, ಯಾವಾಗ ಮತ್ತು ಯಾವ ಕಾರಣದಿಂದ ಮನೆಮನೆಯ ಗಂಡುಮಕ್ಕಳ ಹೆಸರಾಯಿತು ಎಂಬ ಪ್ರಶ್ನೆಗಳು ಮೇಲುನೋಟಕ್ಕೆ ಸಣ್ಣವೆಂದು ತೋರಿದರೂ ಅವುಗಳ ಹಿಂದೆ ದೊಡ್ಡ ಪ್ರಶ್ನೆಗಳಿವೆ.

ಸ್ಥಳನಾಮಗಳ ವಿಷಯದಲ್ಲಿ ನಮ್ಮಲ್ಲಿ ಸಾಕಷ್ಟು ಕೆಲಸ ನಡೆದಿದೆ. ಶಂ. ಬಾ. ಜೋಶಿಯವರು ಊರುಹೆಸರುಗಳ ಜಾಡು ಹಿಡಿದು ನಾಡಿನ ಪ್ರಾಚೀನತೆಯನ್ನು ಹುಡುಕಿದುದು ಎಲ್ಲರಿಗೂ ತಿಳಿದದ್ದೇ. ವ್ಯಕ್ತಿನಾಮಗಳಿಗೆ ಅಷ್ಟು ಗೌರವ ದೊರೆತಿಲ್ಲ. ಊರು ನಿಂತಲ್ಲಿ ನಿಲ್ಲುತ್ತದೆ, ಮನುಷ್ಯ ನಿಲ್ಲುವುದಿಲ್ಲ ಎಂಬುದೇ ಇದಕ್ಕೆ ಕಾರಣವಿರಬಹುದು. ಆದರೆ ಮನುಷ್ಯ ಹೋದರೂ ಅವನ ಹೆಸರು ಮೊಮ್ಮಗನಲ್ಲಿ ಮರಳಿ ಬರುವ ಪದ್ಧತಿ ಇರುವ ನಾಡಿನಲ್ಲಿ ಹೆಸರಿಗೂ ಒಂದು ಬಗೆಯ ನೆಲೆ ಉಂಟೆಂದೇ ಹೇಳಬೇಕಾಗುತ್ತದೆ.

ಮೊದಲು ಪದದ ವಿಚಾರ. ‘ಬಸವ’ವು ಸಂಸ್ಕೃತದ ‘ವೃಷಭ’ ಶಬ್ದದ ತದ್ಭವ. ‘ವೃಷ್’ ಎಂಬ ಧಾತುವಿಗೆ ಸುರಿಸು, ಮಳೆಗರೆ ಎಂದು ಅರ್ಥ. ವೃಷ್ಟಿ, ವರ್ಷ ಎಂಬ ಮಾತುಗಳು ಅದರಿಂದಲೇ ಬಂದುವು. ಸುರಿಸುವವನು, ಬೀಜವನ್ನೆರೆಯುವವನು, ಪುರುಷಶಕ್ತಿಯುಳ್ಳವನು ಎಂಬರ್ಥದಲ್ಲಿ ‘ವೃಷನ್’, ‘ವೃಷಭ’ ಎಂಬ ಪದಗಳು ಋಗ್ವೇದದಲ್ಲಿ ಇಂದ್ರಾದಿ ದೇವತೆಗಳಿಗೆ ವಿಶೇಷಣಗಳಾಗಿವೆ. ಅನಂತರ ಗೂಳಿಯೆಂಬ ಅರ್ಥ ಸ್ಥಿರವಾಯಿತು. ಅದರ ಸಂಗಡಿಗನಾದ ‘ಋಷಭ’ ಶಬ್ದವು ಸಮಾಸದ ಕೊನೆಯಲ್ಲಿ ನಿಂತು ‘ಶ್ರೇಷ್ಠ’ ಎಂಬರ್ಥವನ್ನೂ ಕೊಡತೊಡಗಿತು. ಭರತರ್ಷಭ, ಪುರುಷರ್ಷಭ ಎಂಬಲ್ಲಿ ಗೂಳಿ ಮರೆಯಾಗಿ ಹಿರಿಮೆಯೊಂದೇ ಉಳಿಯಿತು. ಗೂಳಿಯೆಂದೇ ಅರ್ಥವುಳ್ಳ ‘ಪುಂಗವ’ ಶಬ್ದವನ್ನು ನಾವು ‘ಕವಿಪುಂಗವ’ ಎಂಬಲ್ಲಿ ಬಳಸುವಾಗಲೂ ಇದೇ ಆಗುತ್ತದೆ. ಹೀಗೆ ಗೂಳಿಯ ಹೆಸರನ್ನು ಮನುಷ್ಯನಿಗೆ ಇಡುವುದರಲ್ಲಿ ಹಿಂದಿನವರಿಗೆ ಗೌರವವೇ ಕಾಣುತ್ತಿದ್ದಿತು.

ಸಂಸ್ಕೃತದಿಂದ ಕನ್ನಡಕ್ಕೆ ಈ ಪದ ನೇರವಾಗಿ ಬರಲಿಲ್ಲ. ಪ್ರಾಕೃತದ ದಾರಿಯಲ್ಲಿ ಬಂದಿತು. ಪಾಲಿಯಲ್ಲಿ ‘ವಸಭ’, ಪ್ರಾಕೃತದಲ್ಲಿ ‘ವಸಹ’ ಎಂಬ ರೂಪಗಳಿವೆ. ಋಕಾರವು ಅಕಾರವಾಗುವುದು ಪ್ರಾಕೃತದ ಸಾಮಾನ್ಯ ರೀತಿ. ‘ಕೃಷ್ಣ’ನು ‘ಕನ್ನ’ನೂ ‘ಕನ್ನರ’ನೂ ಆದುದು ಹೀಗೆಯೇ. ಷಕಾರವು ಸಕಾರವಾಗುವುದಕ್ಕೆ ಭಾಷೆ-ಬಾಸೆ, ವೇಷ-ವೇಸ ಎಂಬಿವು ಸಾಕ್ಷಿ. ಮೊದಲಿನ ವಕಾರವು ಬಕಾರವಾಗುವುದು ಕನ್ನಡದ ಸ್ವಂತ ಒಲವು: ವನವು ಬನ, ವರ್ಣವು ಬಣ್ಣ, ವಸತಿಯು ಬಸದಿ, ವಿದ್ಯೆಯು ಬಿಜ್ಜೆ, ವಂಧ್ಯೆಯು ಬಂಜೆ. ಉಳಿದದ್ದು ಕೊನೆಯ ಭಕಾರ. ಅದು ವಕಾರವಾದುದು ಹೇಗೆ ಎಂಬಲ್ಲಿ ಮಾತ್ರ ಸ್ವಲ್ಪ ನಿಲ್ಲಬೇಕಾಗುತ್ತದೆ. ಕನ್ನಡದಲ್ಲಿಯೇ ಈ ಮಾರ್ಪಾಡು ಆಗಿರಬಹುದೆಂದು ಹೇಳುವುದು ಸುಲಭ. ಆದರೆ ನಾಸಿಕ ಮತ್ತು ಕಾರ್ಲೆಯ ಗುಹಾಶಾಸನಗಳಲ್ಲಿ ಕ್ಷಹರಾತ ನಹಪಾನನ ಅಳಿಯನ ಹೆಸರು ‘ಉಷವದಾತ’ ಎಂದು ದೊರೆಯುತ್ತದೆ. ಇದು ‘ಋಷಭದತ್ತ’ ಎಂಬುದರ ರೂಪವೆಂದು ಎಲ್ಲರೂ ಒಪ್ಪಿರುವರು. ಕ್ರಿಸ್ತಶಕದ ಮೊದಲ ಎರಡು ಶತಮಾನಗಳಷ್ಟು ಹಿಂದೆಯೇ, ಅದೂ ನಮ್ಮ ನೆರೆಯ ಸೀಮೆಯ ಶಾಸನಪ್ರಾಕೃತದಲ್ಲಿಯೇ, ‘ಷಭ’ ಎಂಬುದು ‘ಷವ’ ಎಂದಾಗಿದ್ದಿತು ಎಂಬುದಕ್ಕೆ ಇದಕ್ಕಿಂತ ಹೆಚ್ಚಿನ ಆಧಾರ ಬೇಕಿಲ್ಲ. ಗೂಳಿಯ ಹೆಸರನ್ನು ಗಂಡುಮಗುವಿಗಿಡುವ ವಾಡಿಕೆಯ ಪ್ರಾಚೀನತೆಯೂ ಇದರಿಂದಲೇ ತಿಳಿದುಬರುತ್ತದೆ. ಸಿಂಹಳದ್ವೀಪದಲ್ಲಿ ಅನುರಾಧಪುರದಿಂದ ಆಳಿದ ವಸಭನೆಂಬ ಅರಸನೂ ಹೆಚ್ಚುಕಡಮೆ ಆ ಕಾಲದವನೇ.

‘ವಾಸವ’ ಎಂದರೆ ಇಂದ್ರ. ಅದೇ ‘ಬಸವ’ನಾಗಬಾರದೇಕೆ ಎಂದು ವಿದ್ಯಾರ್ಥಿಗಳು ಕೇಳಬಹುದು. ಮೊದಲಿನ ದೀರ್ಘ ಸ್ವರವು ಕಾರಣವಿಲ್ಲದೆ ಹ್ರಸ್ವವಾಗಬೇಕಾಗುವುದರಿಂದ ಈ ಊಹೆ ನಿಲ್ಲದು. ಅರ್ಥದ ಕಡೆಯಿಂದ ನೋಡಿದರೂ ಹಾಗೆಯೇ. ಕನ್ನಡದಲ್ಲಿ ‘ಬಸವ’ ಎಂದರೆ ಗೂಳಿಯೇ ಹೊರತು ಇಂದ್ರನಲ್ಲ.

ಇಷ್ಟು ಹೇಳಿದರೂ, ಗೂಳಿಗೆ ಕನ್ನಡದಲ್ಲಿರುವ ಎಲ್ಲ ಹೆಸರುಗಳೂ ಒಂದೇ ಅಲ್ಲವೆಂಬುದನ್ನು ಮರೆಯಬಾರದು. ಉಳುವುದು ಎತ್ತು, ಕಟ್ಟುಮಸ್ತಾಗಿ ಬೆಳೆದದ್ದು ಹೋರಿ, ಬೀಜಕ್ಕೆ ಬಿಟ್ಟದ್ದು ಗೂಳಿ. ದೇವರಿಗೆ ಬಿಟ್ಟದ್ದು, ದೇವರ ಮುಂದೆ ಕುಳಿತಿರುವುದು ಬಸವ. ಗುಡಿಯ ಕಲ್ಲಿನ ನಂದಿಯನ್ನು ಹಳ್ಳಿಯವರು ನಂದಿಯೆನ್ನುವುದಕ್ಕಿಂತ ‘ಬಸವಣ್ಣ’ ಎನ್ನುವುದೇ ಹೆಚ್ಚು. ಉತ್ತರ ಕರ್ನಾಟಕದಲ್ಲಿ ಮಣ್ಣೆತ್ತಿನ ಅಮಾವಾಸ್ಯೆಯ ದಿನ ಮಣ್ಣಿನಿಂದ ಮಾಡಿದ ಎತ್ತು ಮನೆಯೊಳಕ್ಕೆ ಬಂದು ಪೂಜೆಗೊಂಡೊಡನೆ ಬಸವಣ್ಣನಾಗುತ್ತದೆ. ಬಣ್ಣದ ಜೂಲು ಹೊದ್ದು ಮನೆಬಾಗಿಲಿಗೆ ಬಂದು ತಲೆಯಾಡಿಸುವುದು ಕೋಲೆ ಬಸವ. ಎರಡು ಕೋಡು ಚಾಚಿಕೊಂಡು ಮೆಲ್ಲಮೆಲ್ಲನೆ ಹರಿಯುವ ಹುಳುವಿಗೂ ಮಕ್ಕಳು ಬಸವನ ಹುಳು ಎಂದೇ ಹೆಸರಿಟ್ಟಿರುವರು. ಇವೆಲ್ಲದರಲ್ಲಿ ಬಲಕ್ಕಿಂತ ಸಾಧುತನವೂ ಪೂಜ್ಯತೆಯೂ ಮುಂದಾಗಿವೆ. ವೇದದ ವೃಷಭಕ್ಕೂ ಕನ್ನಡದ ಬಸವನಿಗೂ ಇರುವ ಅಂತರ ಇಲ್ಲಿದೆ. ತದ್ಭವವೆಂದರೆ ಅಕ್ಷರ ಸವೆದ ಸಂಸ್ಕೃತವಷ್ಟೇ ಎಂದು ತಿಳಿಯುವವರು ಇದನ್ನು ಗಮನಿಸಬೇಕು.

ಪ್ರಾಸಂಗಿಕವಾಗಿ ಒಂದು ಎಚ್ಚರಿಕೆಯ ಮಾತು. ಊರೂರಿನ ‘ಬಸವಣ್ಣನ ಗುಡಿ’ಗಳನ್ನು ನೋಡಿ, ಅಲ್ಲೆಲ್ಲ 12ನೆಯ ಶತಮಾನದ ಶರಣರ ಪೂಜೆ ನಡೆಯುತ್ತಿದೆಯೆಂದು ಬರೆಯುವವರುಂಟು. ಬೆಂಗಳೂರಿನ ಬಸವನಗುಡಿಗೆ ಹೆಸರು ಬಂದುದು ಅಲ್ಲಿಯ ಏಕಶಿಲೆಯ ದೊಡ್ಡ ಬಸವನಿಂದ. ಕೆಂಪೇಗೌಡನ ಹೆಸರಿನೊಡನೆ ಸೇರಿಕೊಂಡಿರುವ ಆ ಗುಡಿಯ ಬಳಿ ಕಾರ್ತಿಕದ ಕಡೆಯ ಸೋಮವಾರ ಕಡಲೆಕಾಯಿ ಪರಿಷೆ ಸೇರುತ್ತದೆ. ರೈತರ ಕಡಲೆಕಾಯಿಯನ್ನು ತಿಂದು ಹಾಳುಮಾಡುತ್ತಿದ್ದ ಗೂಳಿ ಕಲ್ಲಾಯಿತೆಂಬುದು ಕಥೆ. ಕಡಲೆಕಾಯಿ ಅಮೆರಿಕಾ ಖಂಡದಿಂದ ಬಂದ ಬೆಳೆಯಾದುದರಿಂದ ಕಥೆ ಬಹಳ ಹಳೆಯದಿರಲಾರದು. ಅದೇನೇ ಇರಲಿ, ಆ ಬಸವ ಪ್ರಾಣಿಯೇ ಹೊರತು ಮನುಷ್ಯನಲ್ಲ.

ಈಗ ಮನುಷ್ಯನ ಹೆಸರಿಗೆ ಬರೋಣ. ಬಾಗೇವಾಡಿಯ ಮಾದಿರಾಜನ ಮಗನಿಗೆ ಈ ಹೆಸರಿಟ್ಟಾಗ ಅದು ಹೊಸದಾಗಿದ್ದಿತೆ, ರೂಢಿಯಲ್ಲಿದ್ದಿತೆ? ಹರಿಹರನೂ ಪಾಲ್ಕುರಿಕೆ ಸೋಮನಾಥನೂ ಹೇಳುವುದನ್ನು ನಂಬಿದರೆ ಅದು ದೈವಪ್ರೇರಿತವಾದ ಹೆಸರು. ಹರಿಹರನ ‘ಬಸವರಾಜದೇವರ ರಗಳೆ’ಯಲ್ಲಿ ಕೈಲಾಸದ ವೃಷಭಮುಖನೆಂಬ ಗಣೇಶ್ವರನೇ ಭೂಮಿಗಿಳಿದು ಬಸವನಾಗುತ್ತಾನೆ. ಸೋಮನಾಥನ ತೆಲುಗು ‘ಬಸವಪುರಾಣ’ದಲ್ಲಿ ಮಕ್ಕಳಿಲ್ಲದ ಮಾದಾಂಬೆ ನಂದಿಕೇಶ್ವರನ ವ್ರತವನ್ನು ಹಿಡಿಯಲು ನಂದಿಯೇ ಮಗನಾಗಿ ಹುಟ್ಟುತ್ತಾನೆ. ಇಬ್ಬರು ಕವಿಗಳ ಕಥೆಗಳೂ ಬೇರೆಯಾಗಿರುವುದನ್ನು ಗಮನಿಸಬೇಕು. ಹೆಸರು ಮೊದಲೇ ಇದ್ದು, ಅದಕ್ಕೆ ತಕ್ಕ ಕಥೆಯನ್ನು ಇಬ್ಬರೂ ತಮ್ಮ ತಮ್ಮ ರೀತಿಯಲ್ಲಿ ಕಟ್ಟಿದರೆಂದು ಊಹಿಸುವುದಕ್ಕೆ ಇದೇ ಸಾಕು. ಆದರೂ ಸೋಮನಾಥನ ಕಥೆಯಲ್ಲಿ ಲೋಕರೂಢಿಯ ನೆರಳು ಇಲ್ಲದಿಲ್ಲ. ಹರಕೆ ಹೊತ್ತ ದೇವರ ಹೆಸರನ್ನು ಮಗುವಿಗೆ ಇಡುವುದು ಇಂದಿಗೂ ನಡೆಯುತ್ತಿರುವ ಪದ್ಧತಿ.

ಶಾಸನಗಳ ಸಾಕ್ಷ್ಯ ಈ ಊಹೆಗೆ ಬೆಂಬಲವಾಗಿದೆ. ಮತ್ತು ಇಲ್ಲಿಯೇ ನಾವು ಆರಂಭದಲ್ಲಿ ಸೂಚಿಸಿದ ತೊಡಕೂ ಇದೆ. ವಿಜಯಪುರ ಜಿಲ್ಲೆಯ ಮನಗೂಳಿಯಲ್ಲಿ ಕಲಚೂರಿ ಬಿಜ್ಜಳನ ಕಾಲದ, ಕ್ರಿ.ಶ. 1161ರ ಒಂದು ಶಾಸನವಿದೆ. ಆಗ ಮಣಿಗವಳ್ಳಿಯೆನಿಸಿದ್ದ ಆ ಊರಿನಲ್ಲಿ ಬಸವನೆಂಬವನು ಕಲಿದೇವನ ಗುಡಿಯನ್ನು ಕಟ್ಟಿಸಿದ ವಿಷಯವನ್ನು ಅದು ಹೇಳುತ್ತದೆ. ಈ ಬಸವ ಬ್ರಾಹ್ಮಣ, ಶಿವಭಕ್ತ. ರೇವದಾಸನ ಮೊಮ್ಮಗ, ಚಂದಿರಾಜನ ಮಗ. ಡಾ. ಫ್ಲೀಟ್ ಅವರು 19ನೆಯ ಶತಮಾನದ ಕೊನೆಯಲ್ಲಿ ‘ಎಪಿಗ್ರಾಫಿಯ ಇಂಡಿಕಾ’ದ 5ನೆಯ ಸಂಪುಟದಲ್ಲಿ ಈ ಶಾಸನವನ್ನು ಪ್ರಕಟಿಸಿದರು. ಕಾಲ ಒಂದೇ, ಅರಸ ಒಬ್ಬನೇ, ಸೀಮೆ ಒಂದೇ, ಹೆಸರೂ ಒಂದೇ. ಪುರಾಣಗಳು ಹಾಡಿ ಹೊಗಳುವ ಬಸವನ ನಿಜವಾದ ಮೂಲ ಈತನೇ ಇರಬಹುದೆಂಬ ಊಹೆಗೆ ಇಷ್ಟು ಸಾಕಾಯಿತು. ಅದೇ ಸಂಪುಟದಲ್ಲಿ ಬಂದ ಅಬ್ಬಲೂರಿನ ಶಾಸನದಲ್ಲಿ ಏಕಾಂತದ ರಾಮಯ್ಯನ ಸಾಹಸ ವಿಸ್ತಾರವಾಗಿ ವರ್ಣಿತವಾಗಿದ್ದುದರಿಂದ, ಆ ಕಾಲದ ಶೈವ ಚಳವಳಿಯ ಮುಂದಾಳುತನವನ್ನು ರಾಮಯ್ಯನಿಗೆ ಕೊಟ್ಟು, ಬಿಜ್ಜಳನ ಮಂತ್ರಿಯಾದ ಬಸವನನ್ನು ಪುರಾಣಕಾರರ ಕಲ್ಪನೆಗೆ ಬಿಡುವ ಪ್ರವೃತ್ತಿ ಬೆಳೆಯಿತು.

ಇದರ ಪರಿಣಾಮ ಸಣ್ಣದಾಗಲಿಲ್ಲ. ಸಾವಿರಾರು ವಚನಗಳು ಯಾರ ಅಂಕಿತದಿಂದ ನಮ್ಮ ಕೈಗೆ ಬಂದಿವೆಯೋ ಆ ವ್ಯಕ್ತಿಯ ಐತಿಹಾಸಿಕತೆಯೇ ಸಂಶಯಕ್ಕೆ ಗುರಿಯಾಯಿತು. ಫ್ಲೀಟರು ದೊಡ್ಡ ವಿದ್ವಾಂಸರು. ಕನ್ನಡನಾಡಿನ ಅರಸುಮನೆತನಗಳ ಚರಿತ್ರೆಗೆ ಅವರು ಹಾಕಿದ ಅಡಿಗಲ್ಲನ್ನು ಇಂದಿಗೂ ಕದಲಿಸಲಾಗದು. ಅವರನ್ನು ದೂಷಿಸುವುದು ನಮ್ಮ ಉದ್ದೇಶವಲ್ಲ. ಆದರೆ ತಂದೆಯ ಹೆಸರು ಹೊಂದದಿದ್ದರೂ ಮಗನ ಹೆಸರು ಹೊಂದಿತೆಂಬ ಕಾರಣದಿಂದ ಇಷ್ಟು ದೂರ ಹೋಗಬಹುದಾಗಿದ್ದಿತೆ ಎಂಬ ಪ್ರಶ್ನೆ ಉಳಿಯುತ್ತದೆ. ‘ಬಸವ’ ಎಂಬುದು ಆ ಸೀಮೆಯಲ್ಲಿ ಆಗ ಎಷ್ಟು ಮಂದಿಗೆ ಇದ್ದಿರಬಹುದು ಎಂದು ಕೇಳಿಕೊಂಡಿದ್ದರೆ ಸಾಕಾಗಿದ್ದಿತು.

ಸಂಶಯವನ್ನು ತೊಡೆದುಹಾಕಿದ್ದು ಅನಂತರ ಬೆಳಕಿಗೆ ಬಂದ ಅರ್ಜುನವಾಡದ ಶಾಸನ. ಬೆಳಗಾವಿ ಜಿಲ್ಲೆಯ ಹುಕ್ಕೇರಿ ತಾಲ್ಲೂಕಿನ ಈ ಊರಿನ ಶಾಸನ ಸೇವುಣರ ಕನ್ನರನ ಕಾಲದ್ದು, ಕ್ರಿ.ಶ. 1260ಕ್ಕೆ ಸೇರಿದ್ದು. ತರ್ದವಾಡಿ ನಾಡಿನ ಬಾಗೇವಾಡಿ, ಅಲ್ಲಿಯ ಮಾದಿರಾಜ, ಅವನ ಮಗನಾದ ಬಸವರಾಜ ಎಂದು ಅದು ಸ್ಪಷ್ಟವಾಗಿ ಹೇಳುತ್ತದೆ. ಸಂಗನ ಬಸವನೆಂದೂ ಆತನನ್ನು ಕರೆಯುತ್ತದೆ. ಆತನ ಅಣ್ಣನಾದ ದೇವರಾಜನ ವಂಶದಲ್ಲಿ ಬಂದ ಹಾಲಬಸವಿದೇವನು ಅಲ್ಲಿ ದತ್ತಿಯನ್ನು ಪಡೆದವನು. ಬಸವಣ್ಣನವರು ಐಕ್ಯರಾಗಿ ಆಗಿನ್ನೂ ಒಂದು ನೂರು ವರ್ಷಗಳೂ ತುಂಬಿರಲಿಲ್ಲ. ಪುರಾಣಗಳು ಹೇಳುವ ತಂದೆಯ ಹೆಸರೂ ಊರಿನ ಹೆಸರೂ ಕಲ್ಲಿನ ಮೇಲೆ ದೊರೆತ ಮೇಲೆ ಮನಗೂಳಿಯ ಬಸವ ತನ್ನ ಪಾಡಿಗೆ ತಾನು ಬೇರೊಬ್ಬ ಸಜ್ಜನನಾಗಿ ಉಳಿದನು.

ನಮ್ಮ ವಿಷಯಕ್ಕೆ ಈ ಎರಡು ಶಾಸನಗಳಿಂದ ಎರಡು ಸಂಗತಿಗಳು ದೊರೆಯುತ್ತವೆ. ಮನಗೂಳಿಯ ಬಸವ 1161ರಲ್ಲಿ ಗುಡಿ ಕಟ್ಟಿಸುವಷ್ಟು ದೊಡ್ಡವನಾಗಿದ್ದನೆಂದ ಮೇಲೆ ಅವನಿಗೆ ಹೆಸರಿಟ್ಟಾಗ ಬಸವಣ್ಣನವರ ಕೀರ್ತಿ ಇನ್ನೂ ಹುಟ್ಟಿರಲಿಲ್ಲ. ಆದುದರಿಂದ ಅವನಿಗೆ ಆ ಹೆಸರು ಬಂದುದು ಶರಣರಿಂದಲ್ಲ, ಶಿವನ ವಾಹನದಿಂದ. ಬಸವಣ್ಣನವರಿಗೂ ಹಾಗೆಯೇ ಬಂದಿತು. ಇನ್ನು ಅರ್ಜುನವಾಡದ ಹಾಲಬಸವಿದೇವನ ಮಾತು ಬೇರೆ. ವಂಶದ ಹಿರಿಯನ ಸ್ಮರಣೆಯಿಂದ ಇಟ್ಟ ಹೆಸರು ಅದೆಂಬುದರಲ್ಲಿ ನಮಗೆ ಸಂಶಯವಿಲ್ಲ. ಒಂದು ಶತಮಾನದೊಳಗೆ ಹೆಸರಿನ ಮೂಲ ಬದಲಾಯಿತು. ಪ್ರಾಣಿಯಿಂದ ಮನುಷ್ಯನಿಗೆ ಬಂದದ್ದು ಮನುಷ್ಯನಿಂದ ಮನುಷ್ಯನಿಗೆ ಬರತೊಡಗಿತು. ಕೂಸಿಗೆ ‘ಬಸವ’ ಎಂದು ಹೆಸರಿಡುವವರು ಅಲ್ಲಿಂದೀಚೆಗೆ ನೆನೆಯುವುದು ಕಲ್ಯಾಣದ ದಂಡನಾಯಕನನ್ನು.

ಇಲ್ಲಿ ಇನ್ನೊಂದು ವಿಚಾರಾರ್ಹವಾದ ಸಂಗತಿಯುಂಟು. 11-12ನೆಯ ಶತಮಾನಗಳ ಶಾಸನಗಳನ್ನು ತೆರೆದರೆ ಬೊಮ್ಮ, ಬೊಮ್ಮಯ್ಯ, ಕನ್ನ, ಕನ್ನರ, ಚಾವುಂಡ, ಬಾಚ, ಮಾಚ, ಕೇತ ಎಂಬ ಹೆಸರುಗಳ ಸಂದಣಿಯೇ ಕಾಣುತ್ತದೆ. ತದ್ಭವ ಮತ್ತು ದೇಶ್ಯ ಹೆಸರುಗಳೇ ಆ ಕಾಲದ ರೂಢಿ. ಅರಸರೂ ಅವುಗಳಿಂದ ನಾಚುತ್ತಿರಲಿಲ್ಲ. ಅನಂತರದ ಶತಮಾನಗಳಲ್ಲಿ ಇವುಗಳಲ್ಲಿ ಬಹಳ ಪಾಲು ಮರೆಯಾಗುತ್ತ ಬಂದವು. ಕನ್ನರನು ಮತ್ತೆ ಕೃಷ್ಣನಾದನು, ಬೊಮ್ಮನು ಬ್ರಹ್ಮನಾದನು, ಅಥವಾ ಮನೆತನದ ಹೆಸರುಗಳಲ್ಲಿ ಹೋಗಿ ಅಡಗಿಕೊಂಡನು. ಬಸವನು ಮಾತ್ರ ವೃಷಭನಾಗಲಿಲ್ಲ. ಆಗಿಸುವ ಪ್ರಯತ್ನ ನಡೆಯಲಿಲ್ಲವೆಂದಲ್ಲ. 17ನೆಯ ಶತಮಾನದ ಷಡಕ್ಷರಕವಿಯ ಚಂಪುವಿಗೆ ‘ಬಸವರಾಜವಿಜಯ’ವೆಂಬ ಹೆಸರಿನೊಡನೆ ‘ವೃಷಭೇಂದ್ರವಿಜಯ’ವೆಂಬ ಹೆಸರೂ ಉಂಟು. ಪ್ರೌಢಕಾವ್ಯದ ಪದ್ಯದಲ್ಲಿ ವೃಷಭೇಂದ್ರನು ಸಲ್ಲಬಹುದು. ಆದರೆ ತೊಟ್ಟಿಲ ಬಳಿ ನಿಂತು ಕೂಸಿನ ಕಿವಿಯಲ್ಲಿ ಹೆಸರು ಹೇಳುವಾಗ ಜನ ‘ಬಸವ’ ಎಂದೇ ಹೇಳಿದರು. ಸ್ವತಃ ವಚನಗಳಲ್ಲಿಯೇ ಆ ಹೆಸರು ಮಂತ್ರದ ಸ್ಥಾನಕ್ಕೇರಿದ್ದುದು, ಬ-ಸ-ವ ಎಂಬ ಮೂರಕ್ಷರಗಳಿಗೆ ಬೇರೆಬೇರೆಯಾಗಿ ಅರ್ಥ ಹೇಳುವ ಸಂಪ್ರದಾಯ ಬೆಳೆದಿದ್ದುದು ಇದಕ್ಕೆ ಮುಖ್ಯ ಕಾರಣ. ಮಂತ್ರವಾದ ಶಬ್ದದ ಅಕ್ಷರವನ್ನು ಯಾರೂ ತಿದ್ದಲಾರರು.

ಇದೇ ವೃಷಭ ಶಬ್ದ ಜೈನರಲ್ಲಿ ಬೇರೊಂದು ದಾರಿ ಹಿಡಿಯಿತು. ಮೊದಲ ತೀರ್ಥಂಕರನಾದ ಆದಿನಾಥನಿಗೆ ಋಷಭ, ವೃಷಭ ಎಂಬ ಹೆಸರುಗಳೇ ಪ್ರಸಿದ್ಧ. ಗೂಳಿಯೇ ಅವನ ಲಾಂಛನ. ಕ್ರಿ.ಶ. 941ರಲ್ಲಿ ಪಂಪನು ‘ಆದಿಪುರಾಣ’ದಲ್ಲಿ ಹಾಡಿದುದು ಈತನ ಕಥೆಯನ್ನೇ. ಕನ್ನಡನಾಡಿನ ಜೈನರು ಮಕ್ಕಳಿಗೆ ಈ ಹೆಸರಿಡುವಾಗ ತತ್ಸಮವನ್ನೇ ಉಳಿಸಿಕೊಂಡರು. ಒಂದೇ ಬೇರಿನ ಒಂದೇ ಶಬ್ದ, ಒಂದೇ ನಾಡಿನಲ್ಲಿ, ತತ್ಸಮವಾಗಿ ಒಂದು ಧರ್ಮದ ಗುರುತೂ ತದ್ಭವವಾಗಿ ಇನ್ನೊಂದು ಧರ್ಮದ ಗುರುತೂ ಆದದ್ದು ಭಾಷೆಯ ಚರಿತ್ರೆಯಲ್ಲಿ ಅಪರೂಪದ ಸಂಗತಿಯೆಂದು ನಮಗೆ ತೋರುತ್ತದೆ.

ಹೆಸರಿನ ರೂಪಾಂತರಗಳನ್ನೆಲ್ಲ ಇಲ್ಲಿ ಪಟ್ಟಿಮಾಡಲು ಹೊರಟರೆ ಪುಟಗಳು ಸಾಲವು. ಅಣ್ಣ, ಅಯ್ಯ, ಅಪ್ಪ ಎಂಬ ಗೌರವವಾಚಕಗಳು ಸೇರಿ ಬಸವಣ್ಣ, ಬಸವಯ್ಯ, ಬಸವಪ್ಪಗಳಾದುವು. ಮಾತಿನ ಓಟದಲ್ಲಿ ವಕಾರ ಬಿದ್ದು ಬಸಣ್ಣ, ಬಸಯ್ಯ, ಬಸಪ್ಪಗಳಾದುವು. ಗೌಡಿಕೆಯ ಮನೆಗಳಲ್ಲಿ ಧಾರವಾಡದ ಕಡೆ ಬಸನಗೌಡ, ಮೈಸೂರಿನ ಕಡೆ ಬಸವೇಗೌಡ. ಹಿಂದೆ ಸೇರಿದ ಪದಗಳಿಂದ ಚೆನ್ನಬಸವ, ಗುರುಬಸವ, ಸಂಗನಬಸವ. ಮುಂದೆ ಸೇರಿದ ಪದದಿಂದ ಬಸವಲಿಂಗಪ್ಪ, ಬಸಲಿಂಗಪ್ಪ. ಇವುಗಳಲ್ಲಿ ಚೆನ್ನಬಸವ ಎಂಬುದು ಬಸವಣ್ಣನವರ ಸೋದರಳಿಯನ ನೆನಪು.

ವ್ಯಾಕರಣದ ದೃಷ್ಟಿಯಿಂದ ಇವುಗಳಲ್ಲಿ ‘ಬಸವರಾಜ’, ‘ಬಸವೇಶ್ವರ’ ಎಂಬೆರಡು ರೂಪಗಳು ಸ್ವಾರಸ್ಯಕರವಾದವು. ತದ್ಭವವನ್ನು ಕನ್ನಡವೆಂದೇ ಎಣಿಸುವ ಪಕ್ಷದಲ್ಲಿ ಅದನ್ನು ಸಂಸ್ಕೃತದ ‘ರಾಜ’, ‘ಈಶ್ವರ’ ಶಬ್ದಗಳೊಡನೆ ಸಮಾಸ ಮಾಡುವುದು ಅರಿಸಮಾಸವಾಗುತ್ತದೆ. ಲೆಕ್ಕದ ಪ್ರಕಾರ ಆಗಬೇಕಾದದ್ದು ‘ಬಸವರಸ’. ಆದರೆ ಹರಿಹರನ ರಗಳೆಯಲ್ಲಿಯೇ ಬಸವರಾಜನು ಸಿಂಹಾಸನವೇರಿ ಕುಳಿತಿರುವನು. ಅರ್ಜುನವಾಡದ ಕಲ್ಲಿನಲ್ಲಿಯೂ ಆತನೇ. ಬಿರುದಾವಳಿಗಳಲ್ಲಿ ಅರಿಸಮಾಸ ಸಲ್ಲುವುದೆಂದು ಕೇಶಿರಾಜನು ಒಪ್ಪಿರುವುದರಿಂದ ಇದನ್ನೂ ಆ ಲೆಕ್ಕಕ್ಕೆ ಸೇರಿಸಿ ಸುಮ್ಮನಾಗಬಹುದು. ಜನರಂತೂ ವೈಯಾಕರಣರ ಅಪ್ಪಣೆಗಾಗಿ ಕಾಯಲಿಲ್ಲ.

ಹೆಸರಿನ ಪ್ರಸಾರದಲ್ಲಿ ಸಾಹಿತ್ಯದ ಪಾತ್ರ ದೊಡ್ಡದು. ಸೋಮನಾಥನ ತೆಲುಗು ಕಾವ್ಯವನ್ನು ಭೀಮಕವಿಯು 1369ರಲ್ಲಿ ಕನ್ನಡಕ್ಕೆ ತಂದ ಮೇಲೆ ಬಸವಪುರಾಣ ಓದಿಸುವುದು ಹಳ್ಳಿಹಳ್ಳಿಗಳ ವಾಡಿಕೆಯಾಯಿತು. ವಿಜಯನಗರದ ಪ್ರೌಢದೇವರಾಯನ ಕಾಲದಲ್ಲಿ ವೀರಶೈವ ಸಾಹಿತ್ಯಕ್ಕೆ ದೊರೆತ ಪ್ರೋತ್ಸಾಹವೂ ಇದಕ್ಕೆ ಸೇರಿತು. ಆಂಧ್ರದಲ್ಲಿಯೂ ಬಸವಯ್ಯ, ಬಸವರಾಜು ಎಂಬ ಹೆಸರುಗಳು ನೆಲೆಸಿದವು. ಅಲ್ಲಿ ‘ಬಸವರಾಜು’ ಮನೆತನದ ಹೆಸರೂ ಆಗಿರುವುದುಂಟು, ಕವಿ ಬಸವರಾಜು ಅಪ್ಪಾರಾವು ಅವರ ಹೆಸರಿನಲ್ಲಿರುವಂತೆ.

ರಾಜಮನೆತನಗಳಲ್ಲಿ ಈ ಹೆಸರಿಗೆ ವಿಶೇಷವಾದ ಮನ್ನಣೆ ಸಿಕ್ಕಿದ್ದು ಕೆಳದಿಯಲ್ಲಿ. ಮಕ್ಕಳಿಲ್ಲದ ರಾಣಿ ಚೆನ್ನಮ್ಮಾಜಿ ದತ್ತು ತೆಗೆದುಕೊಂಡ ಹುಡುಗನೇ ಮುಂದೆ ಹಿರಿಯ ಬಸವಪ್ಪನಾಯಕನೆಂದು ಪಟ್ಟವೇರಿ 1697ರಿಂದ 1714ರವರೆಗೆ ಆಳಿದನು. ಸಂಸ್ಕೃತದಲ್ಲಿ ‘ಶಿವತತ್ತ್ವರತ್ನಾಕರ’ವೆಂಬ ವಿಶ್ವಕೋಶದಂತಹ ಗ್ರಂಥವನ್ನು ಬರೆದವನು ಈತನೇ. ಅಷ್ಟು ಸಂಸ್ಕೃತ ಬಲ್ಲ ದೊರೆಯೂ ತನ್ನ ಹೆಸರನ್ನು ಸಂಸ್ಕೃತಗೊಳಿಸಿಕೊಳ್ಳುವ ಗೊಡವೆಗೆ ಹೋಗಲಿಲ್ಲವೆಂಬುದು ಗಮನಾರ್ಹ. 1739ರಲ್ಲಿ ಪಟ್ಟಕ್ಕೆ ಬಂದ ಇನ್ನೊಬ್ಬ ಬಸವಪ್ಪನಾಯಕ, ಅವನ ಅನಂತರದ ಚೆನ್ನಬಸಪ್ಪನಾಯಕ - ಹೀಗೆ ಆ ಸಂಸ್ಥಾನದ ಕೊನೆಯವರೆಗೂ ಹೆಸರು ನಡೆದುಬಂದಿತು. ಮೈಸೂರಿನ ಆಸ್ಥಾನದಲ್ಲಿ ಅಭಿನವಕಾಳಿದಾಸರೆನಿಸಿ, ಶಾಕುಂತಲವನ್ನು ಕನ್ನಡಿಸಿದ ಬಸವಪ್ಪಶಾಸ್ತ್ರಿಗಳ (1843-1891) ವಿಷಯ ನಮ್ಮ ವಾಚಕರಿಗೆ ಹೊಸದಲ್ಲ.

ಹೆಸರಿನ ಬೆಳಗಿನ ಭಾಗವನ್ನಷ್ಟೇ ಹೇಳಿ ಮುಗಿಸುವುದು ನ್ಯಾಯವಲ್ಲ. ‘ಬಸವ’ಕ್ಕೆ ಸ್ತ್ರೀಲಿಂಗದಲ್ಲಿ ಬಸವ್ವ, ಬಸಮ್ಮ ಎಂಬ ಗೌರವದ ಹೆಸರುಗಳಿರುವಂತೆ ‘ಬಸವಿ’ ಎಂಬ ಮಾತೂ ಉಂಟು. ಅರ್ಜುನವಾಡದ ಶಾಸನದಲ್ಲಿ ಗಂಡಸಿನ ಹೆಸರಿನೊಳಗೆ ಮಾನದಿಂದ ಕುಳಿತಿದ್ದ ಈ ರೂಪವು ಬಳ್ಳಾರಿ, ರಾಯಚೂರುಗಳ ಕಡೆಯಲ್ಲಿ ದೇವರಿಗೆ ಬಿಟ್ಟ ಹೆಣ್ಣಿನ ಹೆಸರಾಯಿತು. ಗಂಡುಮಕ್ಕಳಿಲ್ಲದ ತಂದೆತಾಯಿಗಳು ಮಗಳನ್ನು ಮದುವೆ ಮಾಡಿಕೊಡದೆ ದೇವರಿಗೆ ಬಿಡುವರು. ಅವಳು ತೌರಿನಲ್ಲಿಯೇ ಉಳಿದು, ಮಗನಂತೆ ಆಸ್ತಿಗೆ ಹಕ್ಕುದಾರಳಾಗಿ, ಅವಳ ಮಕ್ಕಳು ಅವಳ ತಂದೆಯ ವಂಶಕ್ಕೆ ಸೇರುವರು. ಫಾಸೆಟ್ ಎಂಬ ಆಂಗ್ಲ ಅಧಿಕಾರಿ 1891ರಲ್ಲಿ ಇದನ್ನು ವಿವರಿಸುವಾಗ, ದೇವರಿಗೆ ಬಿಟ್ಟ ಹೆಣ್ಣಿಗೆ ಗಂಡಸಿನ ಹಕ್ಕುಗಳು ಬರುವುದನ್ನೇ ಮುಖ್ಯವಾಗಿ ಎತ್ತಿ ಹೇಳಿರುವನು. ಹಕ್ಕು ಬಂದುದು ನಿಜ. ಅದಕ್ಕೆ ಅವಳು ತೆತ್ತ ಬೆಲೆಯೂ ನಿಜ. ದೇವರಿಗೆ ಬಿಟ್ಟ ಗೂಳಿಗೆ ಊರೆಲ್ಲ ಮೇಯುವ ಸ್ವಾತಂತ್ರ್ಯವಿರುವಂತೆ ಇವಳಿಗೆ ಮದುವೆಯ ಕಟ್ಟಿಲ್ಲವೆಂದು ಸಮಾಜ ಬಗೆಯಿತು; ಹಾಗೆ ಬಗೆದದ್ದರ ಫಲವನ್ನು ಉಂಡವರು ಊರಿನ ಗಂಡಸರು. ಬಡತನ ಮತ್ತು ಜಾತಿಯ ಒತ್ತಡ ಸೇರಿ ಈ ಪದ್ಧತಿ ಬರಬರುತ್ತ ಏನಾಯಿತೆಂಬುದನ್ನು ವಿವರಿಸಬೇಕಾಗಿಲ್ಲ. ಕರ್ನಾಟಕದಲ್ಲಿ 1982ರ ಶಾಸನವು ಹೆಣ್ಣುಮಕ್ಕಳನ್ನು ದೇವರಿಗೆ ಬಿಡುವುದನ್ನು ನಿಷೇಧಿಸಿತು. ಒಂದೇ ಶಬ್ದ ಗಂಡುಮಗುವಿಗೆ ಹರಕೆಯ ಹೆಸರೂ ಹೆಣ್ಣುಮಗುವಿಗೆ ಹರಕೆಯ ಹೊರೆಯೂ ಆದುದನ್ನು, ಸ್ತ್ರೀಪುರುಷ ಸಮಾನತೆಯನ್ನು ಸಾರಿದ ಮಹಾತ್ಮನ ಹೆಸರು ಅದೇ ಆಗಿರುವಾಗ, ಓದಿ ಸುಮ್ಮನಿರುವುದು ಕಷ್ಟವೇ ಸರಿ.

20ನೆಯ ಶತಮಾನದಲ್ಲಿ ಹೆಸರಿಗೆ ಹೊಸ ಚೈತನ್ಯ ಬಂದಿತು. ಹರ್ಡೇಕರ ಮಂಜಪ್ಪನವರು 1913ರಲ್ಲಿ ದಾವಣಗೆರೆಯಲ್ಲಿ ಬಸವಜಯಂತಿಯ ಸಾರ್ವಜನಿಕ ಆಚರಣೆಯನ್ನು ಆರಂಭಿಸಿದರು. ಫ. ಗು. ಹಳಕಟ್ಟಿಯವರು ತಾಳೆಯೋಲೆಗಳನ್ನು ಮನೆಮನೆಗಳಿಂದ ಕೂಡಿಹಾಕಿ 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಹೊರತಂದರು. ಅದುವರೆಗೆ ಪುರಾಣದ ಅವತಾರಪುರುಷನಾಗಿದ್ದವನು ಈಗ ತನ್ನ ಮಾತಿನಿಂದಲೇ ಮಾತನಾಡುವ ಮನುಷ್ಯನಾಗಿ ಓದುಬಲ್ಲವರ ಮುಂದೆ ನಿಂತನು. ಆ ಕಾಲದಲ್ಲಿ ಹುಟ್ಟಿ ಪ್ರಸಿದ್ಧರಾದವರ ಹೆಸರುಗಳನ್ನು ನೋಡಿದರೆ ಬಸಪ್ಪನಿಂದ ಬಸವರಾಜನ ಕಡೆಗೆ ಒಲವು ಹರಿಯುತ್ತಿದ್ದುದು ಕಾಣುತ್ತದೆ. ಉಪರಾಷ್ಟ್ರಪತಿಗಳಾಗಿದ್ದ, 1977ರಲ್ಲಿ ಹಂಗಾಮಿ ರಾಷ್ಟ್ರಪತಿಗಳೂ ಆಗಿದ್ದ ಜತ್ತಿಯವರು ಬಸಪ್ಪ ದಾನಪ್ಪ. ಅವರಿಗಿಂತ ಕಿರಿಯರಾದ ಗಾಯಕ ರಾಜಗುರು ಅವರೂ ಕಾದಂಬರಿಕಾರ ಕಟ್ಟೀಮನಿಯವರೂ ಬಸವರಾಜರು. ‘ಅಪ್ಪ’ದಲ್ಲಿರುವ ಮನೆಯ ಸಲಿಗೆಯನ್ನು ಬಿಟ್ಟು ‘ರಾಜ’ದ ಗಾಂಭೀರ್ಯವನ್ನು ಹೊಸ ಕಾಲ ಬಯಸಿತೆಂದು ತೋರುತ್ತದೆ. ಹೆಸರು ಲಿಂಗವಂತರ ಮನೆಗಳಲ್ಲಿ ಮಾತ್ರ ಉಳಿಯಲಿಲ್ಲವೆಂಬುದಕ್ಕೆ ಹಳೆಯ ಮೈಸೂರಿನ ಒಕ್ಕಲಿಗರ ಬಸವೇಗೌಡರೂ, ದಲಿತರ ಧುರೀಣರಾಗಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರೂ ಸಾಕ್ಷಿ. ಕಲ್ಯಾಣದ ಅಂಗಳದಲ್ಲಿ ಯಾರು ಯಾರು ಕೂಡಿದ್ದರೆಂಬುದನ್ನು ನೆನೆದರೆ ಇದು ಸಹಜವೇ ಆಗಿದೆ.

2024ರ ಜನವರಿಯಲ್ಲಿ ಕರ್ನಾಟಕ ಸರ್ಕಾರವು ಬಸವಣ್ಣನವರನ್ನು ರಾಜ್ಯದ ಸಾಂಸ್ಕೃತಿಕ ನಾಯಕರೆಂದು ಘೋಷಿಸಿತು. ಊರಿಗೂ ಬೀದಿಗೂ ಭವನಕ್ಕೂ ಆ ಹೆಸರು ಸೇರುತ್ತಿದೆ; ಪೂರ್ವದ ಕಲ್ಯಾಣ ಬಸವಕಲ್ಯಾಣವಾಗಿದೆ, ಬಾಗೇವಾಡಿ ಬಸವನ ಬಾಗೇವಾಡಿಯಾಗಿದೆ. ತೊಟ್ಟಿಲಿನ ಮಾತು ಬೇರೆ. ತಾತ ಬಸಪ್ಪ, ತಂದೆ ಬಸವರಾಜ, ಮಗನಿಗೆ ಮಾತ್ರ ಎರಡಕ್ಷರದ ಹೊಸ ಹೆಸರು ಎಂಬ ಸರಣಿ ನಮ್ಮ ತರಗತಿಗಳ ಹಾಜರಿಪಟ್ಟಿಗಳಲ್ಲಿ ಅಪರೂಪವಲ್ಲ. ಎಷ್ಟೋ ಮನೆಗಳಲ್ಲಿ ಶಾಸ್ತ್ರಕ್ಕೆ ತಾತನ ಹೆಸರನ್ನಿಟ್ಟು, ಶಾಲೆಗೆ ಬೇರೆ ಹೆಸರನ್ನು ಬರೆಸುವುದೂ ಉಂಟು. ಈ ಬದಲಾವಣೆ ಯಾವ ದಶಕದಲ್ಲಿ, ಯಾವ ಸೀಮೆಯಲ್ಲಿ, ಯಾವ ವರ್ಗದವರಿಂದ ಮೊದಲಾಯಿತೆಂಬುದನ್ನು ಊಹೆಯಿಂದ ಹೇಳಬೇಕಾಗಿಲ್ಲ. ಹಳೆಯ ಪ್ರಾಥಮಿಕ ಶಾಲೆಗಳ ದಾಖಲಾತಿ ಪುಸ್ತಕಗಳು ನೂರು ವರ್ಷಗಳ ಹಿಂದಿನವೂ ಹಲವೆಡೆ ಉಳಿದಿವೆ. ಮಗುವಿನ ಹೆಸರು, ತಂದೆಯ ಹೆಸರು, ಹುಟ್ಟಿದ ತಾರೀಖು ಅವುಗಳಲ್ಲಿ ಒಂದೇ ಸಾಲಿನಲ್ಲಿ ದೊರೆಯುತ್ತವೆ. ಸಂಶೋಧನೆಗೆ ವಿಷಯವನ್ನರಸುವ ವಿದ್ಯಾರ್ಥಿಯೊಬ್ಬನು ತನ್ನ ತಾಲ್ಲೂಕಿನ ನಾಲ್ಕು ಶಾಲೆಗಳ ಪುಸ್ತಕಗಳನ್ನು ಪ್ರತಿಮಾಡಿಕೊಂಡು ಬಂದರೆ ಸಾಕು. ಹಾಗೆ ಮಾಡುವಾಗ ಬಸಪ್ಪ, ಬಸವಪ್ಪ, ಬಸವರಾಜಪ್ಪ ಎಂಬುವನ್ನು ಒಂದೇ ಹೆಸರೆಂದು ತಿಳಿದು ಸೇರಿಸಿಬಿಡದೆ, ಬರೆದಿರುವಂತೆಯೇ ಬೇರೆಬೇರೆಯಾಗಿ ಎತ್ತಿಕೊಳ್ಳಬೇಕು. ಗುಮಾಸ್ತರು ಬಿಟ್ಟ ವಕಾರವನ್ನು ತಾನು ತುಂಬಲು ಹೋಗಬಾರದು.